ನೆನಪಿನಿಂದ ಬರೆದ ಗೋಡೆ

ಶ್ರೀರಂಗಪಟ್ಟಣದ ದರಿಯಾ ದೌಲತ್ತನ್ನು ದೂರದಿಂದ ಕಂಡವರಿಗೆ ಮೊದಲು ಕೊಂಚ ನಿರಾಶೆಯಾಗುವುದುಂಟು. ತೋಟದ ನಡುವೆ, ಎತ್ತರದ ಜಗಲಿಯ ಮೇಲೆ ಹಸುರು ಪರದೆಗಳನ್ನು ಇಳಿಬಿಟ್ಟುಕೊಂಡ ಚೌಕ ಮನೆ; ಅರಮನೆಯ ಠೀವಿ ಹೊರಗೆ ತೋರದು. ನನಗೂ ಹಾಗೆಯೇ ಆಗಿತ್ತು. ಪರದೆಯನ್ನು ದಾಟಿ ಪಡಸಾಲೆಗೆ ಬಂದೆ ನೋಡಿ, ಕಣ್ಣು ಒಂದೆಡೆ ನಿಲ್ಲಲೊಲ್ಲದು. ಗೋಡೆ, ಕಂಬ, ಕಮಾನು, ಮುಚ್ಚಿಗೆ, ಎಲ್ಲೆಲ್ಲಿಯೂ ಬಣ್ಣದ ಬಳ್ಳಿ, ಹೂವು.

ಟಿಪ್ಪು ಇದನ್ನು 1784ರಲ್ಲಿ ಬೇಸಗೆಯ ಬಿಡಾರವಾಗಿ ಕಟ್ಟಿಸಿದ. ಬಹುಪಾಲು ತೇಗದ ಕೆಲಸ. ಮೇಲಂತಸ್ತಿನ ಮೆಟ್ಟಿಲುಗಳನ್ನು ಗೋಡೆಗಳ ಮರೆಯಲ್ಲಿ ಅಡಗಿಸಿರುವುದರಿಂದ ನಡುಮನೆಯ ಹರವು ಕೆಟ್ಟಿಲ್ಲ. ಆದರೆ ಈ ಮನೆಯ ಜೀವ ಇರುವುದು ಪಡುವಣ ಗೋಡೆಯಲ್ಲಿ. ಅಲ್ಲಿರುವುದು ಕಂಚಿಯ ಸಮೀಪ 1780ರಲ್ಲಿ ನಡೆದ ಪೊಲ್ಲಿಲೂರಿನ ಕಾಳಗ. ಸಿಡಿಯುತ್ತಿರುವ ಮದ್ದಿನ ಬಂಡಿ, ಚೌಕಕಟ್ಟಿ ನಿಂತ ಕಂಪನಿಯ ಸಿಪಾಯಿಗಳು, ನಡುವೆ ಪಲ್ಲಕ್ಕಿಯಲ್ಲಿ ಕರ್ನಲ್ ಬೇಲಿ. ಸೆರೆಸಿಕ್ಕ ಆತ 1782ರಲ್ಲಿ ಇದೇ ಊರಿನಲ್ಲಿ ಸತ್ತ.

1799ರಲ್ಲಿ ಟಿಪ್ಪುವೂ ಮಡಿದ; ಪಟ್ಟಣ ಇಂಗ್ಲಿಷರ ಕೈಸೇರಿತು. ಕೋಟೆಯೊಳಗಿನ ಲಾಲ್ ಮಹಲಿನ ಗತಿ ಕೇಳಿ: ಅದನ್ನು ಕಳಚಿದರು, ಅದರ ತೊಲೆಗಳು ಘಟ್ಟವೇರಿ ಉದಕಮಂಡಲದ ಸೇಂಟ್ ಸ್ಟೀಫನ್ಸ್ ಇಗರ್ಜಿಯ ಮಾಡನ್ನು ಹೊತ್ತವು. ದರಿಯಾ ದೌಲತ್ತು ಮಾತ್ರ ಉಳಿಯಿತು. ಗೆದ್ದ ದಳವಾಯಿಗಳಲ್ಲೊಬ್ಬನಾದ ಆರ್ಥರ್ ವೆಲ್ಲೆಸ್ಲಿಗೆ ಅದು ವಾಸದ ಮನೆಯಾಯಿತು. ಅಷ್ಟೇ ಅಲ್ಲ, ಮುತ್ತಿಗೆಗೆ ಮುಂಚೆಯೇ ಕೆಟ್ಟಿದ್ದ ಚಿತ್ರಗಳನ್ನು ಅವನೇ ಸರಿಪಡಿಸಿದ. ತನ್ನವರ ಸೋಲಿನ ಚಿತ್ರಕ್ಕೆ ತಾನೇ ಬಣ್ಣ ಹಚ್ಚಿಸುವುದೆಂದರೆ! ಔದಾರ್ಯವೋ, ಗೆದ್ದವನ ನಿಶ್ಚಿಂತೆಯೋ. ನನಗೇನೋ ಎರಡನೆಯದೇ ಇರಬೇಕೆನ್ನಿಸುತ್ತದೆ.

ಕತೆ ಅಲ್ಲಿಗೆ ಮುಗಿಯಲಿಲ್ಲ. ಮುಂದೆ ಆ ಗೋಡೆಗೆ ಸುಣ್ಣ ಬಿತ್ತು, ಚಿತ್ರಗಳು ಬಹುಮಟ್ಟಿಗೆ ಅಳಿಸಿಹೋದವು. 1848ರಿಂದ 1856ರವರೆಗೆ ಗವರ್ನರ್ ಜನರಲ್ ಆಗಿದ್ದ ಡಾಲ್‌ಹೌಸಿ ಮೈಸೂರು ಸೀಮೆಗೆ ಬಂದಾಗ ಅವನ್ನು ಮತ್ತೆ ಬರೆಯಿಸಲು ಆಜ್ಞಾಪಿಸಿದ. ಹಳೆಯ ಚಿತ್ರಗಳು ಚೆನ್ನಾಗಿ ನೆನಪಿದ್ದ ದೇಶೀಯ ಚಿತ್ರಗಾರನೊಬ್ಬ ಸಿಕ್ಕಿದ. ರಾಜ್ಯಗಳನ್ನು ನುಂಗಿದವನೆಂದು ನಾವು ಬಲ್ಲ ಡಾಲ್‌ಹೌಸಿಯ ಅಪ್ಪಣೆ, ಈ ನಾಡಿನ ಕುಶಲಿಯೊಬ್ಬನ ನೆನಪು. ಇಂದು ನಾವು ನೋಡುವ ಪೊಲ್ಲಿಲೂರು ಇವೆರಡರ ಋಣದಲ್ಲಿದೆ.

ನಾನು ಬಹಳ ಹೊತ್ತು ಆ ಪಲ್ಲಕ್ಕಿಯ ಮುಂದೆ ನಿಂತಿದ್ದೆ. ಬೇಲಿ ಬೆರಳು ಕಚ್ಚುತ್ತ ಕುಳಿತಿದ್ದಾನೆ. ಆ ಬೆರಳನ್ನು ಬಾಯಿಗಿಟ್ಟವನು ಟಿಪ್ಪುವಿನ ಚಿತ್ರಗಾರನೋ, ಸುಣ್ಣದ ಮೇಲೆ ನೆನೆನೆನೆದು ಬರೆದ ಆ ಇನ್ನೊಬ್ಬನೋ?