ಹುಳಿ ಕಂಡರೆ ಮಡಚುವ ಡಿಎನ್‌ಎ

ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರಾಶಿ ಬೀಳುವ ರೇಷ್ಮೆಗೂಡುಗಳೊಳಗೆ ಹುಳು ಕೋಶವಾಗಿ ರೂಪ ಬದಲಿಸಿರುತ್ತದೆ. ಈ ರೂಪಾಂತರದಲ್ಲಿ ಪಾಲಿರುವ ಒಂದು ಜೀನಿನ ನಿಯಂತ್ರಣದಲ್ಲಿ ‘ಐ-ಮೋಟಿಫ್’ ಎಂಬ ಡಿಎನ್‌ಎ ಮಡಿಕೆಯ ಕೈವಾಡವಿದೆ ಎಂದು ಚೀನಾದ ಸಂಶೋಧಕರು 2018ರಲ್ಲಿ ವರದಿ ಮಾಡಿದರು.

ಅದೇ ಮಡಿಕೆ ಬೆಂಗಳೂರಿನಲ್ಲಿ ಆ ಹೊತ್ತಿಗಾಗಲೇ ಯಂತ್ರವಾಗಿತ್ತು!

ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಯಮುನಾ ಕೃಷ್ಣನ್ ಅವರ ತಂಡ 2009ರಲ್ಲಿ ‘ಐ-ಸ್ವಿಚ್’ ರೂಪಿಸಿತು. ಮೂರು ಕೃತಕ ಡಿಎನ್‌ಎ ಎಳೆಗಳು ಸೇರಿ, ಇಕ್ಕಳದಂತೆ ನಡುವೆ ಬಾಗುವ ಎರಡು ತೋಳುಗಳಾಗುತ್ತವೆ. ತೋಳುಗಳ ತುದಿಯಲ್ಲಿ ಸೈಟೋಸಿನ್ ಎಂಬ ಡಿಎನ್‌ಎ ಅಕ್ಷರದ ಸಾಲು. ಸುತ್ತಲಿನ ದ್ರವ ಆಮ್ಲೀಯವಾದರೆ ಸೈಟೋಸಿನ್‌ಗಳಿಗೆ ಹೈಡ್ರೋಜನ್ ಅಯಾನು ಅಂಟಿ, ತುದಿಗಳು ಪರಸ್ಪರ ಹಿಡಿದು ಐ-ಮೋಟಿಫ್ ಆಗಿ ಮಡಚಿಕೊಳ್ಳುತ್ತವೆ. ಆಮ್ಲ ತಗ್ಗಿದರೆ ಬಿಚ್ಚಿಕೊಳ್ಳುತ್ತವೆ. ಬ್ಯಾಟರಿ ಬೇಡ, ತಂತಿಯೂ ಬೇಡ.

ಕಣ್ಣಿಗೆ ಕಾಣದ ಈ ಚಲನೆಯನ್ನು ಪತ್ತೆಹಚ್ಚುವುದು ಬಣ್ಣಗಳಿಂದ. ಎಳೆಗಳಿಗೆ ರಾಸಾಯನಿಕವಾಗಿ ಬೆಸೆದ ಎರಡು ಹೊಳೆಯುವ ವರ್ಣಕಗಳು ಹತ್ತಿರವಾದಾಗ ಒಂದರ ಶಕ್ತಿ ಇನ್ನೊಂದಕ್ಕೆ ದಾಟಿ, ಹೊಮ್ಮುವ ಬೆಳಕು ಬದಲಾಗುತ್ತದೆ. ಹಣ್ಣುನೊಣದ ಜೀವಕೋಶಗಳು ಹೊರಗಿನಿಂದ ಒಳಗೆಳೆದುಕೊಂಡ ಪುಟ್ಟ ಚೀಲಗಳು ಹಂತಹಂತವಾಗಿ ಹುಳಿಯಾಗುವುದನ್ನು ಐ-ಸ್ವಿಚ್ ಹೀಗೆ ಅಳೆಯಿತು. 2011ರಲ್ಲಿ ಅದು ಸಿ. ಎಲಿಗಾನ್ಸ್ ಎಂಬ ಪುಟ್ಟ ದುಂಡುಹುಳುವಿನ ಜೀವಂತ ದೇಹದೊಳಗೂ ಕೆಲಸ ಮಾಡಿತು. ಇದು ಮದ್ದಲ್ಲ, ಅಳತೆಯ ಉಪಕರಣ. ಸದ್ಯಕ್ಕೆ ಅದೇ ದೊಡ್ಡ ಮಾತು.

ಕೃಷ್ಣನ್ ತಂಡದ ಇನ್ನೊಂದು ಅಳತೆಯ ಉಪಕರಣ ‘ಕ್ಲೆನ್ಸರ್’ ಬಂದದ್ದು 2015ರಲ್ಲಿ. ಅದರ ಒಂದು ಎಳೆಯಲ್ಲಿ ಡಿಎನ್‌ಎಯ ಸಕ್ಕರೆ-ಫಾಸ್ಫೇಟ್ ಬೆನ್ನೆಲುಬನ್ನೇ ತೆಗೆದು ಪೆಪ್ಟೈಡ್ ಬಗೆಯ ಸರಪಳಿ ಕೂರಿಸಲಾಗಿದೆ. ಕ್ಲೆನ್ಸರ್ ಅಳೆಯುವುದು ಹುಳಿಯನ್ನಲ್ಲ, ಕ್ಲೋರೈಡನ್ನು.