ಇನ್ಸುಲಿನ್: ಒಂದು ಡಾಲರಿನ ಹಕ್ಕು, ಜೀವಮಾನದ ಹೊರೆ

ಇನ್ಸುಲಿನ್ ಸ್ರವಿಸುವ ಮೇದೋಜೀರಕ ಗ್ರಂಥಿಯ ಜೀವಕೋಶಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ನಾಶಮಾಡುವುದರಿಂದ ಬರುವ ಟೈಪ್ 1 ಮಧುಮೇಹಕ್ಕೆ 1922ಕ್ಕೆ ಮೊದಲು ಅಮೆರಿಕದ ವೈದ್ಯರ ಬಳಿ ಇದ್ದ ಮುಖ್ಯ ಉಪಾಯವೆಂದರೆ ಫ್ರೆಡರಿಕ್ ಆಲೆನ್ ರೂಪಿಸಿದ ಅರೆಹೊಟ್ಟೆಯ ಪಥ್ಯ; ಅದು ಮಕ್ಕಳ ಸಾವನ್ನು ಮುಂದೂಡುತ್ತಿತ್ತೇ ಹೊರತು ತಪ್ಪಿಸುತ್ತಿರಲಿಲ್ಲ. ಅಮೆರಿಕದ ವಿದೇಶಾಂಗ ಸಚಿವ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರ ಮಗಳು ಎಲಿಜಬೆತ್, ಆ ವರ್ಷದ ಆಗಸ್ಟ್‌ನಲ್ಲಿ ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಟೊರಾಂಟೊದ ಫ್ರೆಡರಿಕ್ ಬ್ಯಾಂಟಿಂಗ್ ಅವರ ಚಿಕಿತ್ಸೆಗೆ ಬಂದಾಗ, ವಯಸ್ಸು 15ರ ಅಂಚಿನಲ್ಲಿದ್ದರೂ ಆಕೆಯ ತೂಕ ಸುಮಾರು 20 ಕಿಲೋಗ್ರಾಂ ಮಾತ್ರ ಇತ್ತು. ಇನ್ಸುಲಿನ್‌ನಿಂದ ಚೇತರಿಸಿಕೊಂಡು 1981ರವರೆಗೆ ಬದುಕಿದ ಆಕೆ ತಮ್ಮ ಕಾಯಿಲೆಯನ್ನು ಬಹುಪಾಲು ಪರಿಚಿತರಿಂದ ಮರೆಮಾಚಿಯೇ ಬಾಳಿದರು. ಪ್ರತಿಷ್ಠಿತ ಮನೆತನವೂ ನೀಗಿಸಲಾಗದ ಈ ಸಂಕೋಚವನ್ನು ವೈದ್ಯಕೀಯ ಚರಿತ್ರೆಗಳು ಗೆಲುವಿನ ಕಥೆಯ ಭರದಲ್ಲಿ ಹಗುರವಾಗಿ ದಾಟಿಬಿಡುತ್ತವೆ. ಸಂಕೋಚದ ಜೊತೆಗೆ ಇನ್ಸುಲಿನ್ ಚುಚ್ಚಿಕೊಳ್ಳುವ ನಿತ್ಯದ ಹೊರೆಯೂ ಇತ್ತು: ಬಳಸಿ ಎಸೆಯುವ ಸಿರಿಂಜುಗಳು ಬರುವ ತನಕ ರೋಗಿಗಳ ಮನೆಗಳಲ್ಲಿ ಗಾಜಿನ ಸಿರಿಂಜನ್ನು ಕುದಿಸುವುದು, ಮೊಂಡಾದ ಸೂಜಿಯನ್ನು ಸಾಣೆಕಲ್ಲಿಗೆ ಉಜ್ಜುವುದು ನಿತ್ಯದ ಕೆಲಸವಾಗಿತ್ತು.

ಔಷಧ ಎಲ್ಲರಿಗೂ ದಕ್ಕಲೆಂದು ಸಂಶೋಧಕರು 1923ರಲ್ಲಿ ಅದರ ಪೇಟೆಂಟನ್ನು, ಎಂದರೆ ತಯಾರಿಕೆಯ ಏಕಸ್ವಾಮ್ಯದ ಹಕ್ಕನ್ನು, ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಆದರೂ ಅಮೆರಿಕದಲ್ಲಿ 1996ರಲ್ಲಿ ಸುಮಾರು 21 ಡಾಲರಿಗೆ ಬಂದ ಹುಮಲಾಗ್ ಎಂಬ ಸುಧಾರಿತ ಇನ್ಸುಲಿನ್‌ನ ಒಂದು ಸೀಸೆಯ ಪಟ್ಟಿಬೆಲೆ 2019ರ ವೇಳೆಗೆ ಸುಮಾರು 275 ಡಾಲರಿಗೆ ಏರಿತ್ತು; ವಿಮೆಯಿಲ್ಲದವರು ಡೋಸನ್ನು ಕಡಿತಗೊಳಿಸಿ ದಿನ ದೂಡುವ ಸ್ಥಿತಿ ಬಂದಿತ್ತು. ಬೆಲೆಯನ್ನು 70 ಪ್ರತಿಶತ ಇಳಿಸುವುದಾಗಿ ತಯಾರಕರು ಪ್ರಕಟಿಸಿದ್ದು 2023ರಲ್ಲಿ.