ಜೆ. ಡಿ. ಕ್ರೋ ಅಂಡ್ ದ ನ್ಯೂ ಸೌತ್ (ಆಲ್ಬಮ್)

ಅಮೆರಿಕದ ಬ್ಲೂಗ್ರಾಸ್ ಸಂಗೀತದ ದಿಕ್ಕು ಬದಲಿಸಿದ ಧ್ವನಿಮುದ್ರಿಕೆ. 1975ರಲ್ಲಿ ರೌಂಡರ್ ರೆಕಾರ್ಡ್ಸ್ ಹೊರತಂದಿತು. ಹೆಸರು ಮೇಳದ್ದೇ; ಆದರೆ ವಾದಕರ ಬಾಯಲ್ಲಿ ಇದು ‘ರೌಂಡರ್ 0044’. ಕಂಪನಿ ಕೊಟ್ಟ ಕ್ರಮಸಂಖ್ಯೆಯೇ ಅಡ್ಡಹೆಸರಾಗಿ ಉಳಿದುಬಿಟ್ಟಿದೆ.

ಮೇಳದ ನಾಯಕ, ಬ್ಯಾಂಜೋ ವಾದಕ ಕ್ರೋ (1937–2021) ಕೆಂಟಕಿಯ ಲೆಕ್ಸಿಂಗ್ಟನ್ನಿನವರು. ಬ್ಯಾಂಜೋ ವಾದಕ ಅರ್ಲ್ ಸ್ಕ್ರಗ್ಸ್ ಅವರ ಮೂರು ಬೆರಳಿನ ಶೈಲಿಯನ್ನು ರೂಢಿಸಿಕೊಂಡು, 1950ರ ದಶಕದಲ್ಲಿ ಜಿಮ್ಮಿ ಮಾರ್ಟಿನ್ ಮೇಳದಲ್ಲಿ ಪಳಗಿದರು. ಲಯದ ಮೇಲೆ ಅವರಿಗಿದ್ದ ಬಿಗಿ ಹಿಡಿತ ಆ ಗರಡಿಯದು. ಈ ಆಲ್ಬಮ್ಮಿಗೆ ಟೋನಿ ರೈಸ್ ಗಿಟಾರ್ ನುಡಿಸಿ ಮುಖ್ಯ ಗಾಯಕರಾದರು. ರಿಕಿ ಸ್ಕ್ಯಾಗ್ಸ್ ಮ್ಯಾಂಡೊಲಿನ್, ಪಿಟೀಲು ನುಡಿಸಿದರೆ, ಬಾಬಿ ಸ್ಲೋನ್ ಬಾಸ್ ಹಿಡಿದರು. ಡೋಬ್ರೊ (ಲೋಹದ ಅನುರಣಕವಿರುವ ಗಿಟಾರ್) ನುಡಿಸಿದ ಜೆರ್ರಿ ಡಗ್ಲಸ್‌ಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಆ ಕಾಲದಲ್ಲಿ ‘ಪ್ರಗತಿಶೀಲ’ ಬ್ಲೂಗ್ರಾಸ್ ಎಂದರೆ ಹಲವರಿಗೆ ವಿದ್ಯುತ್ ವಾದ್ಯ, ರಾಕ್ ಸಂಗೀತದ ಅಬ್ಬರ. ಕ್ರೋ ಕೂಡ ಮೊದಲು ಆ ಹಾದಿ ತುಳಿದಿದ್ದರು. ಇಲ್ಲಿ ವಾದ್ಯಗಳು ಹಳೆಯವೇ. ಹೊಸತು ಹಾಡುಗಳ ಆಯ್ಕೆ. ಫೋಕ್ ಗೀತಕಾರರಾದ ಗಾರ್ಡನ್ ಲೈಟ್‌ಫುಟ್, ಇಯಾನ್ ಟೈಸನ್, ಯೂಟಾ ಫಿಲಿಪ್ಸ್ ಅವರ ರಚನೆಗಳು ಬೆಟ್ಟಸೀಮೆಯ ಈ ಸಂಗೀತಕ್ಕೆ ಸೇರಿಕೊಂಡವು. ಫ್ಯಾಟ್ಸ್ ಡಾಮಿನೋ ಹೆಸರಾಗಿಸಿದ ‘ಐಯಾಮ್ ವಾಕಿನ್’ ಕೇಳಿ ನೋಡಬೇಕು. ನ್ಯೂ ಆರ್ಲಿಯನ್ಸ್‌ನ ಪಿಯಾನೊ, ಡ್ರಮ್ ಎರಡೂ ಇಲ್ಲಿಲ್ಲ. ಎದುರುಪೆಟ್ಟಿಗೆ ಸರಿಯಾಗಿ ಮ್ಯಾಂಡೊಲಿನ್ ತಂತಿಗಳನ್ನು ಕತ್ತರಿಸಿದಂತೆ ಮೀಟುವ ಸದ್ದೇ ತಾಳ ಹಿಡಿಯುತ್ತದೆ. ಬ್ಯಾಂಜೋ ಎಲ್ಲೂ ಅವಸರಪಡುವುದಿಲ್ಲ. ಎಲ್ಲಿಯ ಹಾಡನ್ನಾದರೂ ಈ ಲಯದೊಳಗೆ ಕೂರಿಸಿದರೆ ಅದು ಬ್ಲೂಗ್ರಾಸ್ ಆಗುತ್ತದೆಂಬ ಧೈರ್ಯವನ್ನು ಮುಂದಿನವರಿಗೆ ಕೊಟ್ಟದ್ದೇ ಈ ಆಲ್ಬಮ್ಮಿನ ದೊಡ್ಡ ಕೊಡುಗೆ.

1975ರಲ್ಲೇ ಈ ಐವರ ಕೂಟ ಒಡೆಯಿತು, ಪ್ರಭಾವ ಮಾತ್ರ ಹಬ್ಬಿತು. ಕ್ಯಾಲಿಫೋರ್ನಿಯಾದಲ್ಲಿ ಮ್ಯಾಂಡೊಲಿನ್ ವಾದಕ ಡೇವಿಡ್ ಗ್ರಿಸ್ಮನ್ ಅವರನ್ನು ಸೇರಿಕೊಂಡ ರೈಸ್, ‘ಮ್ಯಾಂಜನೀಟಾ’ (1979) ಮುಂತಾದ ಆಲ್ಬಮ್ಮುಗಳಿಂದ ಗಿಟಾರ್ ವಾದಕರಿಗೆ ಗುರುಸ್ಥಾನದಲ್ಲಿ ನಿಂತರು. ಗಾಯಕಿ ಆಲಿಸನ್ ಕ್ರಾಸ್, ಗಿಟಾರ್ ವಾದಕ ಬಿಲ್ಲಿ ಸ್ಟ್ರಿಂಗ್ಸ್ ಇಬ್ಬರೂ ರೈಸ್ ಅವರ ಋಣವನ್ನು ಬಾಯ್ತುಂಬ ಸ್ಮರಿಸಿದ್ದಾರೆ. ಸ್ಕ್ಯಾಗ್ಸ್ ಮತ್ತು ಡಗ್ಲಸ್ ‘ಬೂನ್ ಕ್ರೀಕ್’ ಮೇಳ ಕಟ್ಟಿದರು. 1980ರ ದಶಕದಲ್ಲಿ ಸ್ಕ್ಯಾಗ್ಸ್ ನ್ಯಾಶ್‌ವಿಲ್‌ನ ಕಂಟ್ರಿ ಸಂಗೀತಕ್ಕೆ ಬ್ಲೂಗ್ರಾಸ್ ಕಸುವು ತಂದರು. ಡಗ್ಲಸ್ ಡೋಬ್ರೊವನ್ನು ಇನ್ನೂ ದೂರ ಒಯ್ದು, 1995ರಲ್ಲಿ ನಮ್ಮ ಮೋಹನವೀಣೆಯ ವಿಶ್ವಮೋಹನ ಭಟ್ಟರೊಂದಿಗೂ ಆಲ್ಬಮ್ ಮಾಡಿದರು.

2024ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ‘ರೌಂಡರ್ 0044’ ಅನ್ನು ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಸೇರಿಸಿತು. ವಾದಕರ ಮನ್ನಣೆ ಅದಕ್ಕಿಂತ ಹಳೆಯದು. ಮೊದಲ ಹಾಡು ‘ದಿ ಓಲ್ಡ್ ಹೋಮ್ ಪ್ಲೇಸ್’ ಡಿಲ್ಲರ್ಡ್ಸ್ ಮೇಳದ್ದಾದರೂ, ನಾಲ್ಕು ಜನ ಸೇರಿ ನುಡಿಸುವ ಕಡೆಗಳಲ್ಲಿ ಅದರ ಎತ್ತುಗಡೆ ಇವತ್ತಿಗೂ ಕ್ರೋ ಬ್ಯಾಂಜೋದ್ದೇ.